ಅಪ್ಪ ಬರೆದಿಟ್ಟ ಚೀಟಿ ವಿಲ್ ಆಗುತ್ತದೆಯೇ?

ಮನೆಯ ಹಿರಿಯರು ತೀರಿಕೊಂಡು ಕರ್ಮಾಂತರಗಳೆಲ್ಲ ಮುಗಿದ ಮೇಲೆ ಬೀರು ತೆಗೆಯುವ ದಿನ ಬರುತ್ತದೆ. ಪಾಸ್‌ಬುಕ್ಕು, ಎಲ್‌ಐಸಿ ಬಾಂಡು, ಹಳೆಯ ಕಂದಾಯ ರಸೀದಿಗಳ ನಡುವೆ ಒಂದು ಹಾಳೆ ಸಿಗುತ್ತದೆ. ಅದು ಡೈರಿಯ ಪುಟವಿರಬಹುದು, ಮೊಮ್ಮಗನ ನೋಟ್‌ಬುಕ್ಕಿನಿಂದ ಹರಿದದ್ದಿರಬಹುದು, ಮಗಳಿಗೆ ಬರೆದು ಅಂಚೆಗೆ ಹಾಕದೆ ಉಳಿಸಿಕೊಂಡ ಕಾಗದವಿರಬಹುದು. ತನ್ನ ನಂತರ ಮನೆ ಹೆಂಡತಿಗೆ, ಬ್ಯಾಂಕಿನ ಹಣ ಮಗಳಿಗೆ, ಮೂರು ಎಕರೆ ತೋಟ ಕಿರಿಯವನಿಗೆ ಎಂದು ಬರೆದಿದೆ. ಅಕ್ಷರ ಅವರದೇ ಎಂಬ ಬಗ್ಗೆ ಮನೆಯಲ್ಲಿ ಯಾರಿಗೂ ಅನುಮಾನವಿಲ್ಲ. ಕೆಳಗೆ ಅವರ ಸಹಿ ಇದೆ. ಬೇರೆ ಯಾರ ಸಹಿಯೂ ಇಲ್ಲ.

ಇಂಥ ಹಾಳೆ ಹೊರಬಂದ ಕೂಡಲೇ ಮನೆ ಎರಡು ಪಕ್ಷವಾಗುತ್ತದೆ. ಛಾಪಾ ಕಾಗದದ ಮೇಲೆ ಬರೆದಿಲ್ಲ, ರಿಜಿಸ್ಟ್ರಿ ಆಗಿಲ್ಲ, ಇದು ನಡೆಯುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ. ಸ್ವಂತ ಕೈಯಿಂದ ಬರೆದು ಸಹಿ ಹಾಕಿದ್ದಾರೆ, ಇದಕ್ಕಿಂತ ದೊಡ್ಡ ಪುರಾವೆ ಏನು ಬೇಕು ಎಂದು ಇನ್ನೊಬ್ಬರು ಕೇಳುತ್ತಾರೆ. ನಮ್ಮ ದೇಶದ ಕಾನೂನನ್ನು ಓದಿದರೆ ಎರಡು ಮಾತೂ ನಿಲ್ಲುವುದಿಲ್ಲ. ಕಾನೂನು ಕೇಳುವುದು ಬೇರೆಯದನ್ನು. ಬರೆದವರು ಸಹಿ ಹಾಕಿದ್ದನ್ನು ಅಥವಾ ಸಹಿ ತನ್ನದೆಂದು ಹೇಳಿದ್ದನ್ನು ಇಬ್ಬರು ಕಂಡಿದ್ದಾರೆಯೇ, ಆ ಇಬ್ಬರೂ ಅವರ ಎದುರಿನಲ್ಲಿ ತಮ್ಮ ಸಹಿ ಹಾಕಿದ್ದಾರೆಯೇ ಎಂಬುದೇ ಅದರ ಪ್ರಶ್ನೆ.

ಇದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ. ಹಿಂದೂ, ಬೌದ್ಧ, ಸಿಖ್, ಜೈನ, ಕ್ರೈಸ್ತ, ಪಾರ್ಸಿ ಎಲ್ಲರಿಗೂ ಅನ್ವಯಿಸುತ್ತದೆ. ಅದರಲ್ಲಿರುವುದು ಮೂರೇ ಬೇಡಿಕೆ. ವಿಲ್ ಮಾಡುವವರು ಸಹಿ ಹಾಕಬೇಕು ಅಥವಾ ಹೆಬ್ಬೆಟ್ಟು ಒತ್ತಬೇಕು. ತಮ್ಮ ಕೈಯಲ್ಲಿ ಆಗದಿದ್ದರೆ ತಮ್ಮೆದುರಿನಲ್ಲಿ, ತಮ್ಮ ಮಾತಿನಂತೆ ಇನ್ನೊಬ್ಬರಿಂದ ಹಾಕಿಸಬಹುದು. ಈ ಬರಹ ವಿಲ್ ಆಗಿ ಜಾರಿಗೆ ಬರಬೇಕೆಂಬ ಉದ್ದೇಶ ಸಹಿ ಇರುವ ಜಾಗದಿಂದಲೇ ತಿಳಿಯಬೇಕು. ಮೂರನೆಯದು ಕನಿಷ್ಠ ಇಬ್ಬರು ಸಾಕ್ಷಿದಾರರ ಸಹಿ. ಇಬ್ಬರೂ ಒಂದೇ ಹೊತ್ತಿನಲ್ಲಿ ಅಲ್ಲಿರಬೇಕೆಂದಿಲ್ಲ. ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ಬಂದರೂ ನಡೆಯುತ್ತದೆ. ಆದರೆ ಬಂದ ಪ್ರತಿಯೊಬ್ಬರೂ ಹಿರಿಯರು ಸಹಿ ಹಾಕುವುದನ್ನು ಕಂಡಿರಬೇಕು ಅಥವಾ ಈ ಸಹಿ ತನ್ನದು ಎಂದು ಹಿರಿಯರ ಬಾಯಿಂದಲೇ ಕೇಳಿರಬೇಕು, ಆಮೇಲೆ ಹಿರಿಯರು ನೋಡುತ್ತಿರುವಾಗಲೇ ತಮ್ಮ ಸಹಿ ಹಾಕಬೇಕು.

ಈ ಕಲಂ ಕೇಳದೆ ಬಿಟ್ಟದ್ದೂ ಬಹಳ ಇದೆ. ಛಾಪಾ ಕಾಗದ ಬೇಕಿಲ್ಲ, ವಿಲ್‌ಗೆ ಮುದ್ರಾಂಕ ಶುಲ್ಕವೇ ಇಲ್ಲ. ವಕೀಲರು, ಪತ್ರ ಬರಹಗಾರರು ಬೇಕಿಲ್ಲ. ಟೈಪ್ ಮಾಡಿಸಬೇಕಿಲ್ಲ, ಇಂಗ್ಲಿಷಿನಲ್ಲಿ ಇರಬೇಕಿಲ್ಲ. ತಲೆಯ ಮೇಲೆ ಉಯಿಲು, ಮೃತ್ಯುಪತ್ರ, ಮರಣಶಾಸನ ಎಂದು ಹೆಸರು ಬರೆಯಬೇಕಿಲ್ಲ. ತಾಂತ್ರಿಕ ಪದಗಳು ಅಗತ್ಯವಿಲ್ಲ, ಬರೆದವರ ಇಚ್ಛೆ ಏನೆಂದು ತಿಳಿದರೆ ಸಾಕು ಎಂದು 74ನೇ ಕಲಂ ನೇರವಾಗಿಯೇ ಹೇಳುತ್ತದೆ. ತಾರೀಖು ಬಿಟ್ಟುಹೋದರೂ ಆ ಒಂದೇ ಕಾರಣಕ್ಕೆ ವಿಲ್ ಬಿದ್ದುಹೋಗುವುದಿಲ್ಲ. ಆದರೆ ಎರಡು ಹಾಳೆ ಸಿಕ್ಕಿದಾಗ ಯಾವುದು ಕೊನೆಯದು ಎಂದು ತೀರ್ಮಾನಿಸುವುದು ಕಷ್ಟವಾಗುತ್ತದೆ. ನೋಂದಣಿಯೂ ಕಡ್ಡಾಯವಲ್ಲ. 1908ರ ನೋಂದಣಿ ಕಾಯ್ದೆಯ 18ನೇ ಕಲಂ ವಿಲ್ ಅನ್ನು ಐಚ್ಛಿಕ ನೋಂದಣಿಯ ದಸ್ತಾವೇಜುಗಳ ಸಾಲಿನಲ್ಲೇ ಇಟ್ಟಿದೆ. ಹಾಗಾಗಿ ಡೈರಿಯ ಪುಟ ವಿಲ್ ಆಗಬಲ್ಲದು, ಮದುವೆಯ ಕರೆಯೋಲೆಯ ಬೆನ್ನಿನ ಮೇಲೆ ಬರೆದದ್ದೂ ಆಗಬಲ್ಲದು. ಇಬ್ಬರು ಸಾಕ್ಷಿದಾರರು ಇರಬೇಕು, ಅಷ್ಟೆ. ಅವರಿಲ್ಲದೆ ಸಾವಿರ ರೂಪಾಯಿಯ ಛಾಪಾ ಕಾಗದದ ಮೇಲೆ ಚಂದವಾಗಿ ಟೈಪ್ ಮಾಡಿಸಿ ನೋಟರಿಯ ಕೆಂಪು ಮೊಹರು ಹಾಕಿಸಿದ್ದೂ ವಿಲ್ ಆಗುವುದಿಲ್ಲ.

ನೋಟರಿಯ ವಿಷಯದಲ್ಲಿ ನಮ್ಮ ಊರುಗಳಲ್ಲಿ ಇರುವ ಭ್ರಮೆ ದೊಡ್ಡದು. ಮೊಹರು ಬಿದ್ದರೆ ಕಾಗದ ಗಟ್ಟಿಯಾಯಿತು ಎಂದು ಜನ ನಂಬುತ್ತಾರೆ. ಸುಪ್ರೀಂ ಕೋರ್ಟ್ 1955ರ ಗಿರ್ಜಾ ದತ್ ಸಿಂಗ್ ಪ್ರಕರಣದಲ್ಲೂ 1969ರ ಅಬ್ದುಲ್ ಜಬ್ಬಾರ್ ಸಾಹಿಬ್ ಪ್ರಕರಣದಲ್ಲೂ ಒಂದು ಮಾತನ್ನು ಸ್ಪಷ್ಟಪಡಿಸಿದೆ. ಕಾಗದದ ಮೇಲೆ ಯಾರದೋ ಸಹಿ ಇದ್ದ ಮಾತ್ರಕ್ಕೆ ಅವರು ಸಾಕ್ಷಿದಾರರಾಗುವುದಿಲ್ಲ. ಬರೆದವರ ಸಹಿಗೆ ಸಾಕ್ಷಿಯಾಗುವ ಉದ್ದೇಶದಿಂದಲೇ ಅವರು ಸಹಿ ಹಾಕಿರಬೇಕು. ಗುರುತು ಹೇಳಲು ಹಾಕಿದ ಸಹಿ, ಬರಹಗಾರ ತಾನು ಬರೆದೆನೆಂದು ಹಾಕಿದ ಸಹಿ, ಅಧಿಕಾರಿ ತನ್ನ ಕರ್ತವ್ಯವೆಂದು ಹಾಕಿದ ಸಹಿ ತಾವಾಗಿಯೇ ಸಾಕ್ಷಿದಾರರ ಸಹಿಯ ಸ್ಥಾನ ತುಂಬುವುದಿಲ್ಲ.

ಕೈಬರಹಕ್ಕೆ ಹಾಗಾದರೆ ಬೆಲೆಯೇ ಇಲ್ಲವೇ? ಇದೆ, ಮತ್ತು ಆ ಬೆಲೆ ಎಷ್ಟು ಎಂದು ತೋರಿಸುವ ಎರಡು ಮೊಕದ್ದಮೆಗಳೂ ನಮ್ಮ ಮೈಸೂರು ಸೀಮೆಯವೇ. ಎರಡೂ 1940ರ ದಶಕದಲ್ಲಿ ಹೆಣ್ಣುಮಕ್ಕಳು ಮಾಡಿದರೆನ್ನಲಾದ ವಿಲ್‌ಗಳನ್ನು ಕುರಿತವು, ಎರಡೂ ದೆಹಲಿಯ ತನಕ ಹೋದವು. ಒಂದು ಬಿದ್ದಿತು, ಒಂದು ನಿಂತಿತು.

ಮೊದಲನೆಯದು ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ. ವಿಲ್ 1945ರದ್ದು, ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1958ರ ನವೆಂಬರಿನಲ್ಲಿ. ವಿಲ್ ಬಗ್ಗೆ ಇಂದು ದೇಶದ ಯಾವ ಕೋರ್ಟಿನಲ್ಲಿ ವಾದ ನಡೆದರೂ ಮೊದಲು ಎತ್ತುವುದು ಇದೇ ತೀರ್ಪನ್ನು. ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಬರೆದ ಆ ತೀರ್ಪಿನ ತಿರುಳು ಸರಳವಾದದ್ದು. ಉಳಿದ ಪತ್ರಗಳ ವಿಷಯದಲ್ಲಿ ತಕರಾರು ಬಂದರೆ ಬರೆದುಕೊಟ್ಟವರನ್ನೇ ಕರೆದು ಕೇಳಬಹುದು. ವಿಲ್ ಬಾಯಿ ತೆರೆಯುವುದು ಬರೆದವರ ಬಾಯಿ ಮುಚ್ಚಿದ ಮೇಲೆ. ಇದು ನನ್ನದು ಅಥವಾ ನನ್ನದಲ್ಲ ಎಂದು ಹೇಳಲು ಅವರು ಬರಲಾರರು. ಆದ್ದರಿಂದ ವಿಲ್ ಮುಂದಿಡುವವರೇ ಅದನ್ನು ಸಾಬೀತು ಮಾಡಬೇಕು, ಅದರ ಸುತ್ತ ಅನುಮಾನ ಹುಟ್ಟಿಸುವ ಸಂಗತಿಗಳಿದ್ದರೆ ಅವನ್ನು ನಿವಾರಿಸುವ ಹೊಣೆಯೂ ಅವರದೇ. ನಡುಗುವ, ಸಂಶಯಾಸ್ಪದ ಸಹಿ, ಕುಗ್ಗಿದ ಬುದ್ಧಿಶಕ್ತಿ, ಕಾರಣವಿಲ್ಲದೆ ಸಹಜ ವಾರಸುದಾರರನ್ನು ಕೈಬಿಟ್ಟ ಹಂಚಿಕೆ ಇವೆಲ್ಲ ಅಂಥ ಸಂಗತಿಗಳು. ಎಲ್ಲಕ್ಕಿಂತ ಮುಖ್ಯವಾದದ್ದು, ವಿಲ್ ಬರೆಸಲು ಮುಂದೆ ನಿಂತು ಓಡಾಡಿದವರೇ ಅದರಿಂದ ಲಾಭ ಪಡೆಯುವವರೂ ಆಗಿರುವುದು. ಆ ಮೈಸೂರಿನ ವಿಲ್ ಬಿದ್ದದ್ದು ಹೀಗೆ. ಸಹಿ, ಸಾಕ್ಷಿ ಎಲ್ಲ ಕಾಗದದ ಮೇಲಿದ್ದವು. ಅದು ನಿಜವಾಗಿ ಆಕೆಯ ಮನಸ್ಸೇ ಎಂಬ ನಂಬಿಕೆ ಕೋರ್ಟಿಗೆ ಹುಟ್ಟಲಿಲ್ಲ.

ಎರಡನೆಯದು ಎಂ.ಬಿ. ರಮೇಶ್ ವಿರುದ್ಧ ಕೆ.ಎಂ. ವೀರಾಜೇ ಅರಸ್. ಇಲ್ಲಿನ ವಿಲ್ 1943ರದ್ದು. ಅದನ್ನು ಆ ಹೆಣ್ಣುಮಗಳು ಸ್ವಂತ ಕೈಯಿಂದ ಬರೆದಿದ್ದರು. ಸುಪ್ರೀಂ ಕೋರ್ಟಿನ ತೀರ್ಪು 2013ರ ಮೇ ತಿಂಗಳಲ್ಲಿ, ಸುಮಾರು ಎಪ್ಪತ್ತು ವರ್ಷಗಳ ಬಳಿಕ ಬಂತು. ದಾವೆ ನಡೆದಾಗ ಸಾಕ್ಷಿಕಟ್ಟೆಗೆ ಬಂದದ್ದು ಒಬ್ಬ ಸಾಕ್ಷಿದಾರರು. ಬರೆಯುವಾಗ ತಾವೂ ಮಿಕ್ಕವರೂ ಅಲ್ಲಿದ್ದುದನ್ನು ಅವರು ಹೇಳಿದರು. ಮಿಕ್ಕವರು ಆಕೆಯ ಎದುರಲ್ಲೇ ಸಹಿ ಹಾಕಿದರು ಎಂಬ ಮಾತು ಮಾತ್ರ ಹೇಳಿಕೆಯಲ್ಲಿ ಬಿಡಿಸಿ ಬರಲಿಲ್ಲ. 63ನೇ ಕಲಂ ಅನ್ನು ಅಕ್ಷರಶಃ ಹಿಡಿದರೆ ಇದೊಂದೇ ಕೊರತೆ ಸಾಕು, ವಿಲ್ ಬೀಳುತ್ತದೆ. 2003ರಲ್ಲಿ ವರದಿಯಾದ ಜಾನಕಿ ನಾರಾಯಣ ಭೋಯಿರ್ ಪ್ರಕರಣದಲ್ಲಿ ಆದದ್ದು ಅದೇ. ಅಲ್ಲಿ ಇನ್ನೊಬ್ಬ ಸಾಕ್ಷಿದಾರರು ಬದುಕಿದ್ದರೂ ಅವರನ್ನು ಕರೆಸಿರಲಿಲ್ಲ, ಬಂದವರು ಅವರ ಸಹಿಯ ಬಗ್ಗೆ ಹೇಳಿರಲಿಲ್ಲ. 2013ರಲ್ಲಿ ಕೋರ್ಟ್ ಸಂದರ್ಭಗಳನ್ನೆಲ್ಲ ಒಟ್ಟಾಗಿ ನೋಡಿತು. ಎಲ್ಲರೂ ಅಲ್ಲಿದ್ದರು ಎಂದ ಮೇಲೆ ಸಹಿ ಹಾಕಿದ್ದೂ ಅಲ್ಲೇ ಎಂದು ಊಹಿಸುವುದು ನ್ಯಾಯವೇ ಎಂದಿತು. ಇಡೀ ವಿಲ್ ಆಕೆಯದೇ ಅಕ್ಷರದಲ್ಲಿ ಇದ್ದುದು ಆ ಊಹೆಗೆ ಬಲ ಕೊಟ್ಟಿತು. ಕರ್ನಾಟಕ ಹೈಕೋರ್ಟ್ ಒಪ್ಪಿದ್ದ ವಿಲ್ ಹಾಗೆ ಉಳಿಯಿತು.

ಕೈಬರಹಕ್ಕೆ ಈ ಗೌರವ ಹೊಸದಲ್ಲ. 1964ರಲ್ಲಿ ವರದಿಯಾದ ಶಶಿಕುಮಾರ್ ಬ್ಯಾನರ್ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪೂರ್ತಿಯಾಗಿ ಸ್ವಂತ ಕೈಯಿಂದ ಬರೆದ ವಿಲ್ ಸಕ್ರಮವಾಗಿದೆ ಎಂದು ಬಲವಾಗಿ ಭಾವಿಸಬಹುದು ಎಂದಿತ್ತು. 1996ರ ಜಾಯ್ಸ್ ಪ್ರಿಮ್‌ರೋಸ್ ಪ್ರೆಸ್ಟರ್ ಪ್ರಕರಣವೂ ಅದನ್ನೇ ಹೇಳಿತು. ಕಾರಣ ಯಾರಿಗಾದರೂ ಅರ್ಥವಾಗುವಂಥದ್ದು. ಟೈಪಾದ ನಾಲ್ಕು ಹಾಳೆಗಳ ಕೊನೆಯಲ್ಲಿ ಓದದೆಯೇ ಸಹಿ ಹಾಕಿರಬಹುದು. ಮಂಪರಿನಲ್ಲಿದ್ದವರ ಹೆಬ್ಬೆಟ್ಟು ಹಿಡಿದು ಒತ್ತಿಸಿರಬಹುದು. ನಾಲ್ಕು ಪುಟ ಸ್ವಂತ ಕೈಯಿಂದ ಬರೆದವರಿಗೆ ತಾವು ಏನು ಬರೆಯುತ್ತಿದ್ದೇವೆ ಎಂಬ ಎಚ್ಚರ ಇದ್ದೇ ಇರುತ್ತದೆ. ಅಕ್ಷರದ ಓಟವೇ ಬುದ್ಧಿ ಸರಿಯಿತ್ತೋ ಇಲ್ಲವೋ ಎಂಬುದಕ್ಕೂ ಒಂದು ಪುರಾವೆ.

ಆದರೆ ಗಮನಿಸಬೇಕಾದ ಮಾತೊಂದಿದೆ. ಈ ಮೂರು ಪ್ರಕರಣಗಳಲ್ಲೂ ಸಾಕ್ಷಿದಾರರ ಸಹಿ ಕಾಗದದ ಮೇಲೆ ಇತ್ತು. ಕೈಬರಹ ಮಾಡಿದ್ದು ಆ ಸಾಕ್ಷ್ಯವನ್ನು ನಂಬುವಂತೆ ಮಾಡುವ ಕೆಲಸ. ಸಾಕ್ಷಿದಾರರೇ ಇಲ್ಲದ ಹಾಳೆಯನ್ನು ವಿಲ್ ಆಗಿಸುವ ಶಕ್ತಿ ನಮ್ಮಲ್ಲಿ ಕೈಬರಹಕ್ಕೆ ಇಲ್ಲ. ಬೀರುವಿನಲ್ಲಿ ಸಿಕ್ಕ ಆ ಒಂಟಿ ಸಹಿಯ ಚೀಟಿ ಹಿಂದೂ ಕುಟುಂಬದ್ದಾದರೆ ಕೋರ್ಟು ಅದನ್ನು ಓದುತ್ತದೆ, ಬರೆದವರ ಇಚ್ಛೆ ಇದೇ ಎಂದು ಬಹುಶಃ ನಂಬಲೂ ನಂಬುತ್ತದೆ. ನಂಬಿಯೂ ಅದನ್ನು ಬದಿಗಿಟ್ಟು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಪಾಲು ಮಾಡುತ್ತದೆ.

ಅದೇ ಚೀಟಿ ಪಕ್ಕದ ಮುಸ್ಲಿಂ ಮನೆಯ ಬೀರುವಿನಲ್ಲಿ ಸಿಕ್ಕಿದ್ದರೆ? ಫಲಿತಾಂಶ ತಿರುಗಿಬೀಳುತ್ತದೆ. 1925ರ ಕಾಯ್ದೆಯ 63ನೇ ಕಲಂ ಮುಸ್ಲಿಮರ ವಿಲ್‌ಗೆ ತಾಗುವುದಿಲ್ಲ. ವಸೀಯತ್ ಬಾಯಿಮಾತಿನಲ್ಲೂ ಆಗಬಹುದು, ಬರಹದಲ್ಲೂ ಆಗಬಹುದು. ಬರಹವಾದರೆ ಸಹಿ, ಸಾಕ್ಷಿ ಕಡ್ಡಾಯವಲ್ಲ. ಸಾವಿಗೆ ಸ್ವಲ್ಪ ಮುಂಚೆ ಬರೆದ, ಆಸ್ತಿಯ ಬಗ್ಗೆ ಸೂಚನೆಗಳಿದ್ದ ಒಂದು ಪತ್ರವನ್ನೇ ಪ್ರಿವಿ ಕೌನ್ಸಿಲ್ 1898ರ ಮಜ್ಹರ್ ಹುಸೇನ್ ಪ್ರಕರಣದಲ್ಲಿ ವಿಲ್ ಎಂದು ಒಪ್ಪಿತ್ತು. ಕಟ್ಟುಪಾಡು ಇರುವುದು ಬೇರೆ ಕಡೆ. ಸಾಲ, ಅಂತ್ಯಸಂಸ್ಕಾರದ ಖರ್ಚು ಕಳೆದು ಉಳಿದ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನದನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಹೀಗೆ ಕೊಡುವಂತಿಲ್ಲ. ಅಲ್ಲಿ ನಿರ್ಬಂಧವಿರುವುದು ಎಷ್ಟು ಕೊಡಬಹುದು ಎಂಬುದರ ಮೇಲೆ, ಇಲ್ಲಿ ಹೇಗೆ ಬರೆಯಬೇಕು ಎಂಬುದರ ಮೇಲೆ. ಹಿಂದೂಗಳಲ್ಲೂ ಬಾಯಿಮಾತಿನ ವಿಲ್ ನಡೆಯುತ್ತಿದ್ದ ಕಾಲವಿತ್ತು. ಬ್ರಿಟಿಷ್ ಆಳ್ವಿಕೆಯ ಬಂಗಾಳ ಮತ್ತು ಮದ್ರಾಸ್, ಬಾಂಬೆ ನಗರಗಳಲ್ಲಿ 1870ರ ಸೆಪ್ಟೆಂಬರಿನಿಂದ ಬರಹ, ಸಾಕ್ಷಿ ಕಡ್ಡಾಯವಾದವು. ಉಳಿದ ಕಡೆ ಆ ನಿಯಮ ಬಂದದ್ದು 1927ರ ಜನವರಿ 1ರ ನಂತರ ಮಾಡಿದ ವಿಲ್‌ಗಳಿಗೆ. ಅಂದರೆ ಇಬ್ಬರು ಸಾಕ್ಷಿದಾರರ ನಿಯಮ ಈ ನೆಲದಲ್ಲಿ ಅನಾದಿಯಿಂದ ಬಂದದ್ದಲ್ಲ. ಅದರ ಮೂಲ 1837ರ ಇಂಗ್ಲೆಂಡಿನ ವಿಲ್ ಕಾಯ್ದೆ.

ಇಂಗ್ಲೆಂಡಿನ ದಾರಿಯಲ್ಲಿ ನಡೆಯದ ದೇಶಗಳು ಸ್ವಂತ ಕೈಬರಹವನ್ನೇ ಸಾಕ್ಷಿಯ ಸ್ಥಾನದಲ್ಲಿ ಕೂರಿಸಿವೆ. ಫ್ರಾನ್ಸಿನ ನಾಗರಿಕ ಸಂಹಿತೆಯ 970ನೇ ವಿಧಿಯಂತೆ ವಿಲ್ ಪೂರ್ತಿಯಾಗಿ ಬರೆದವರ ಕೈಯಲ್ಲೇ ಇರಬೇಕು, ತಾರೀಖು ಮತ್ತು ಸಹಿ ಇರಬೇಕು, ಸಾಕ್ಷಿ ಬೇಡ. ಜರ್ಮನಿಯಲ್ಲೂ ಕೈಬರಹದ ವಿಲ್ ಉಂಟು. ಅಮೆರಿಕದ ಸುಮಾರು ಅರ್ಧದಷ್ಟು ರಾಜ್ಯಗಳೂ ಕೆನಡಾದ ಹಲವು ಪ್ರಾಂತ್ಯಗಳೂ ಇದನ್ನು ಒಪ್ಪುತ್ತವೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 1948ರ ಜೂನಿನಲ್ಲಿ ಸೆಸಿಲ್ ಜಾರ್ಜ್ ಹ್ಯಾರಿಸ್ ಎಂಬ ರೈತ ಹೊಲದಲ್ಲಿ ತನ್ನದೇ ಟ್ರ್ಯಾಕ್ಟರಿನಡಿ ಸಿಕ್ಕಿಬಿದ್ದ. ಜೇಬಿನಲ್ಲಿದ್ದ ಚಾಕುವಿನಿಂದ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ, ತಾನು ಸತ್ತರೆ ಎಲ್ಲವೂ ಹೆಂಡತಿಗೆ ಎಂದು ಕೆತ್ತಿ ಹೆಸರು ಬರೆದ. ಆತ ಉಳಿಯಲಿಲ್ಲ. ಕೋರ್ಟು ಆ ಲೋಹದ ತುಂಡನ್ನೇ ವಿಲ್ ಎಂದು ಒಪ್ಪಿತು. ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಅದನ್ನು ಇಂದಿಗೂ ಕಾಪಾಡಿಕೊಂಡಿದೆ. ಆ ರೈತ ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಹಾಗೆ ಸಿಕ್ಕಿಬಿದ್ದಿದ್ದರೆ ಅವನ ಕೊನೆಯ ಮಾತು ನಮ್ಮ ಕಾನೂನಿಗೆ ಕೇಳಿಸುತ್ತಿರಲಿಲ್ಲ.

ಅಮೆರಿಕದ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ 2018ರ ಆಗಸ್ಟಿನಲ್ಲಿ ತೀರಿಕೊಂಡಾಗ ವಿಲ್ ಇಲ್ಲವೆಂದೇ ಎಲ್ಲರೂ ತಿಳಿದಿದ್ದರು. ಮರುವರ್ಷ ಮಿಷಿಗನ್‌ನ ಮನೆಯಲ್ಲಿ 2010ರಲ್ಲಿ ಬರೆದ ಹಾಳೆಗಳು ಬೀಗ ಹಾಕಿದ ಕಪಾಟಿನಲ್ಲೂ 2014ರಲ್ಲಿ ಬರೆದ ನೋಟ್‌ಬುಕ್ಕು ಸೋಫಾದ ದಿಂಬಿನ ಕೆಳಗೂ ಸಿಕ್ಕವು. 2014ರ ಬರಹದ ಸಹಿಯಲ್ಲಿ ಒಂದು ನಗುಮುಖದ ಚಿತ್ರವೂ ಇತ್ತು. ಮಕ್ಕಳಲ್ಲೇ ಜಗಳವಾಗಿ 2023ರ ಜುಲೈಯಲ್ಲಿ ಜ್ಯೂರಿ ಆ ನೋಟ್‌ಬುಕ್ಕನ್ನೇ ವಿಲ್ ಎಂದು ಎತ್ತಿಹಿಡಿಯಿತು. ಈ ಪದ್ಧತಿಯ ಇನ್ನೊಂದು ಮುಖವನ್ನೂ ಅದೇ ಅಮೆರಿಕ ಕಂಡಿದೆ. ಕೋಟ್ಯಧೀಶ ಹೋವರ್ಡ್ ಹ್ಯೂಸ್ 1976ರಲ್ಲಿ ಸತ್ತ ಮೇಲೆ ಅವನದೆಂದು ಕೈಬರಹದ ವಿಲ್ ಒಂದು ಕಾಣಿಸಿಕೊಂಡಿತು. ಅದು ಖೋಟಾ ಎಂದು 1978ರಲ್ಲಿ ಲಾಸ್ ವೇಗಸ್‌ನ ಜ್ಯೂರಿ ತೀರ್ಮಾನಿಸುವ ಹೊತ್ತಿಗೆ ತಿಂಗಳುಗಟ್ಟಲೆ ವಿಚಾರಣೆ ನಡೆದಿತ್ತು.

ಮೂರನೆಯ ದಾರಿಯೊಂದನ್ನು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಕೆನಡಾದ ಕೆಲವು ಪ್ರಾಂತ್ಯಗಳು ಹಿಡಿದಿವೆ. ಇಬ್ಬರು ಸಾಕ್ಷಿದಾರರ ನಿಯಮ ಹಾಗೇ ಇರಲಿ. ಆದರೆ ನಿಯಮದಲ್ಲಿ ಕೊರತೆಯಿದ್ದರೂ ಇದೇ ಸತ್ತವರ ಕೊನೆಯ ಇಚ್ಛೆ ಎಂದು ನ್ಯಾಯಾಧೀಶರಿಗೆ ಮನದಟ್ಟಾದರೆ ಅದನ್ನು ಒಪ್ಪುವ ಅಧಿಕಾರ ಅವರಿಗಿರಲಿ ಎಂಬುದು ಆ ದಾರಿ. ದಕ್ಷಿಣ ಆಸ್ಟ್ರೇಲಿಯಾ ಇದನ್ನು 1975ರಲ್ಲೇ ತಂದಿತು, ದಕ್ಷಿಣ ಆಫ್ರಿಕಾ 1992ರಲ್ಲಿ. ಕ್ವೀನ್ಸ್‌ಲ್ಯಾಂಡಿನಲ್ಲಿ 2017ರಲ್ಲಿ, ಸತ್ತವರ ಮೊಬೈಲಿನಲ್ಲಿ ಬರೆದು ಕಳುಹಿಸದೆ ಉಳಿದಿದ್ದ ಒಂದು ಸಂದೇಶವನ್ನೇ ಕೋರ್ಟ್ ವಿಲ್ ಎಂದು ಒಪ್ಪಿದ್ದು ಈ ಅಧಿಕಾರದಿಂದಲೇ. ನಮ್ಮಲ್ಲಿ ವಾಟ್ಸಾಪ್ ಸಂದೇಶ, ಆಸ್ಪತ್ರೆಯ ಹಾಸಿಗೆಯಲ್ಲಿ ತೆಗೆದ ವಿಡಿಯೊ ತಾವಾಗಿಯೇ ವಿಲ್ ಆಗಲಾರವು. ಸಾಕ್ಷಿಸಹಿತ ಬರೆದ ವಿಲ್ ಇದ್ದು ಅದರ ಬಗ್ಗೆ ಅನುಮಾನ ಬಂದಾಗ ಆ ವಿಡಿಯೊ ಪೂರಕ ಪುರಾವೆಯಾಗಿ ನೆರವಿಗೆ ಬರಬಹುದು, ಅಷ್ಟೇ.

ಭಾರತ ಯಾವ ದಾರಿ ಹಿಡಿಯಬೇಕು? ಇಬ್ಬರು ಸಾಕ್ಷಿದಾರರ ನಿಯಮವನ್ನು ಕಿತ್ತುಹಾಕಬೇಕೆಂದು ನಾನು ಹೇಳಲಾರೆ. ಓದು ಬರಹ ಬಾರದ ತಾಯಂದಿರಿಂದ, ಹಾಸಿಗೆ ಹಿಡಿದ ಅಜ್ಜಂದಿರಿಂದ, ಮಕ್ಕಳಿಲ್ಲದ ವಿಧವೆಯರಿಂದ ಬರೆಸಿಕೊಂಡ ಕಾಗದಗಳ ಕಥೆ ನಮ್ಮ ಜಿಲ್ಲಾ ನ್ಯಾಯಾಲಯಗಳ ಕಡತಗಳ ತುಂಬ ಇದೆ. ಹೊರಗಿನ ಇಬ್ಬರನ್ನು ಕರೆಯಲೇಬೇಕು ಎಂಬ ಕಟ್ಟಳೆ ಅಂಥವರಿಗೆ ಒಂದು ರಕ್ಷಣೆ. ಮುಚ್ಚಿದ ಕೋಣೆಯಲ್ಲಿ ಒಬ್ಬ ಮಗ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಅದು ಪೂರ್ತಿ ತಡೆಯದಿದ್ದರೂ ಕಷ್ಟವಾಗಿಸುತ್ತದೆ. ಆದರೆ ಪೂರ್ತಿಯಾಗಿ ಸ್ವಂತ ಕೈಯಿಂದ ಬರೆದು ಸಹಿ ಹಾಕಿದ ಬರಹದ ಮಾತು ಬೇರೆ. ಅಲ್ಲಿ ರಕ್ಷಣೆಯ ಹೆಸರಿನಲ್ಲಿ ನಾವು ಅಳಿಸಿಹಾಕುತ್ತಿರುವುದು ರಕ್ಷಿಸಬೇಕಾದವರ ಮಾತನ್ನೇ. ಮನೆಯವರಿಗೆ ಗೊತ್ತಾಗದಂತೆ ಬರೆಯಬೇಕಾದ ಸ್ಥಿತಿಯಲ್ಲಿರುವ ಹೆಂಗಸು, ಸಾಕ್ಷಿಗೆ ಕರೆಯಲು ನಂಬಿಕೆಯ ಇಬ್ಬರಿಲ್ಲದ ಒಂಟಿ ಮುದುಕ ಇವರಿಗೆ ಗುಟ್ಟಾಗಿ ಬರೆದಿಟ್ಟ ಹಾಳೆಯೊಂದೇ ದಾರಿ. ಅಂಥ ಬರಹಕ್ಕೆ ಮಾತ್ರ, ಅಕ್ಷರ ಬರೆದವರದೇ ಎಂಬುದು ಗಟ್ಟಿಯಾಗಿ ಸಾಬೀತಾದಾಗ ಮಾತ್ರ, ಸಾಕ್ಷಿಯ ಕೊರತೆಯನ್ನು ಮನ್ನಿಸುವ ಅಧಿಕಾರವನ್ನು ಸಂಸತ್ತು ಜಿಲ್ಲಾ ನ್ಯಾಯಾಧೀಶರಿಗೆ ಕೊಡಬೇಕು. 2013ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಮಿತಿಯೊಳಗೆ ಇದ್ದುಕೊಂಡೇ ಆ ಕಡೆಗೆ ಒಂದು ಹೆಜ್ಜೆ ಇಟ್ಟಿದೆ. ಮುಂದಿನ ಹೆಜ್ಜೆ ಶಾಸನದ್ದು. ಬರೆಯಬಲ್ಲವರಿಗೆ ಮಾತ್ರ ಇದು ಅನುಕೂಲ ಎಂಬ ಆಕ್ಷೇಪ ನಿಜವೇ. ಬರೆಯಲಾರದವರಿಗೆ ಸಾಕ್ಷಿದಾರರ ನಿಯಮ ಇದ್ದಂತೆಯೇ ಇರುತ್ತದಲ್ಲ, ಅವರು ಏನನ್ನೂ ಕಳೆದುಕೊಳ್ಳುವುದಿಲ್ಲ.

ಕಾನೂನು ಬದಲಾಗುವವರೆಗೆ ಬರೆಯುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ವಿಲ್ ಅನ್ನು ಕೋರ್ಟಿನಲ್ಲಿ ಸಾಬೀತು ಮಾಡಲು, ಬದುಕಿರುವ ಸಾಕ್ಷಿದಾರರಲ್ಲಿ ಒಬ್ಬರನ್ನಾದರೂ ಕರೆಸಲೇಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 68ನೇ ಕಲಂನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 67ನೇ ಕಲಂ ಆಗಿದೆ. ಇಬ್ಬರೂ ತೀರಿಹೋಗಿದ್ದರೆ ಒಬ್ಬರ ಸಹಿಯನ್ನೂ ಬರೆದವರ ಸಹಿಯನ್ನೂ ಗುರುತಿಸಬಲ್ಲವರಿಂದ ಹೇಳಿಸಬೇಕಾಗುತ್ತದೆ. ಎಪ್ಪತ್ತರ ಅಪ್ಪ ಎಪ್ಪತ್ತೈದರ ಗೆಳೆಯರನ್ನು ಸಾಕ್ಷಿಗೆ ಕರೆಯುವುದು ನಮ್ಮಲ್ಲಿ ಸಾಮಾನ್ಯ, ಮಕ್ಕಳಿಗೆ ಕಷ್ಟವಾಗುವುದು ಅಲ್ಲೇ. ತಮಗಿಂತ ಚಿಕ್ಕ ವಯಸ್ಸಿನ, ವಿಳಾಸ ಸಿಗುವ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ಒಳ್ಳೆಯದು. ಮೂವತ್ತು ವರ್ಷ ಹಳೆಯ ದಸ್ತಾವೇಜು ತಾನಾಗಿಯೇ ನಿಜವೆಂದು ಭಾವಿಸುವ ಅನುಕೂಲ ವಿಲ್‌ಗೆ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ವರದಿಯಾದ ಭರ್ಪೂರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನೋಂದಣಿ ಮಾಡಿಸಿದರೆ ಒಂದು ಬಲ ಬರುತ್ತದೆ. ಅನುಮಾನಗಳಿದ್ದಾಗ ಅದೊಂದೇ ಕಾಪಾಡುವುದಿಲ್ಲ ಎಂಬುದನ್ನು 1962ರ ರಾಣಿ ಪೂರ್ಣಿಮಾ ದೇವಿ ಪ್ರಕರಣ ತೋರಿಸಿದೆ. ಒಮ್ಮೆ ಸಹಿಯಾದ ಮೇಲೆ ಅಂಚಿನಲ್ಲಿ ತಿದ್ದಿದ್ದು, ಹೊಡೆದುಹಾಕಿ ಮೇಲೆ ಬರೆದದ್ದು ಮತ್ತೆ ಅದೇ ರೀತಿ ಸಹಿ, ಸಾಕ್ಷಿ ಇಲ್ಲದೆ ಲೆಕ್ಕಕ್ಕೆ ಬರುವುದಿಲ್ಲ. ಬದಲಾಯಿಸುವುದಿದ್ದರೆ ಹೊಸದಾಗಿ ಬರೆಯುವುದೇ ವಾಸಿ.

ಕರ್ನಾಟಕದ ಹಳ್ಳಿಗಳಲ್ಲಿ ಸಿಗುವ ಎಷ್ಟೋ ಕೈಬರಹದ ಹಾಳೆಗಳು ವಿಲ್ ಅಲ್ಲವೇ ಅಲ್ಲ, ಪಾಲುಪಟ್ಟಿಗಳು. ಬರಹ ಯಾವಾಗ ಜಾರಿಗೆ ಬರುತ್ತದೆ ಎಂಬುದನ್ನು ನೋಡಿ ಎರಡನ್ನೂ ಬೇರೆ ಮಾಡಬೇಕು. ತಾನು ಸತ್ತ ಮೇಲೆ ಎಂದರೆ ವಿಲ್. ಬರೆದವರು ಬದುಕಿರುವ ತನಕ ಅದನ್ನು ಎಷ್ಟು ಸಲ ಬೇಕಾದರೂ ರದ್ದು ಮಾಡಬಹುದು. ಇಂದಿನಿಂದಲೇ ಇದು ನಿನ್ನದು, ಅದು ಅವನದು ಎಂದರೆ ಅದು ವಿಭಾಗ ಅಥವಾ ದಾನ. ಅದಕ್ಕೆ ನೋಂದಣಿ, ಮುದ್ರಾಂಕದ ಪ್ರಶ್ನೆ ಏಳುತ್ತದೆ. ಹಿಂದೆಯೇ ಬಾಯಿಮಾತಿನಲ್ಲಿ ಆಗಿಹೋದ ವಿಭಾಗವನ್ನು ನೆನಪಿಗಾಗಿ ಬರೆದುಕೊಂಡ ಪಟ್ಟಿಗೆ ನೋಂದಣಿ ಬೇಡ ಎಂಬುದು 1976ರ ಕಾಲೆ ಪ್ರಕರಣದಿಂದ ನೆಲೆಗೊಂಡಿದೆ. ಸಾಕ್ಷಿಯಿಲ್ಲದೆ ವಿಲ್ ಆಗಿ ಸೋಲುವ ಚೀಟಿ ಹಳೆಯ ಪಾಲಿನ ಪುರಾವೆಯಾಗಿ ಗೆಲ್ಲುವುದೂ ಉಂಟು. ಒಳ್ಳೆಯ ವಕೀಲರು ಹಾಳೆಯನ್ನು ಎರಡು ಸಲ ಓದುವುದು ಅದಕ್ಕೇ.

ಕಾಗದ ಎಷ್ಟೇ ಸರಿಯಾಗಿದ್ದರೂ ತನ್ನದಲ್ಲದ್ದನ್ನು ಕೊಡಲು ಬರುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲಿನಷ್ಟನ್ನು ಮಾತ್ರ ಬರೆಯಬಹುದು, ಹೆಣ್ಣುಮಕ್ಕಳ ಪಾಲನ್ನು ಚೀಟಿ ಬರೆದು ಅಳಿಸಲಾಗದು. ಭೂಸುಧಾರಣೆಯಲ್ಲಿ ಬಂದ ಜಮೀನಿಗೆ ಇನ್ನೂ ಬಿಗಿಯಿದೆ. ಗೇಣಿ ಹಕ್ಕನ್ನು ಕುಟುಂಬದ ಹೊರಗಿನವರಿಗೆ ವಿಲ್ ಮೂಲಕ ಕೊಡುವಂತಿಲ್ಲ ಎಂದು ಜಮಖಂಡಿ ಭೂನ್ಯಾಯಮಂಡಳಿಯಿಂದ ಹೊರಟ ಸಂಗಪ್ಪ ಬಂಗಿ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಜಯಮ್ಮ ವಿರುದ್ಧ ಮರಿಯಾ ಬಾಯಿ ತೀರ್ಪು ಅದನ್ನು ಬಲಪಡಿಸಿತು. ಕೊನೆಗಾಲದಲ್ಲಿ ನೋಡಿಕೊಂಡ ಪಕ್ಕದ ಮನೆಯ ಹುಡುಗನಿಗೆ ಅಂಥ ಜಮೀನು ಬರೆದಿಟ್ಟ ಹಿರಿಯರ ಕೃತಜ್ಞತೆಗೆ ಈ ಕಾನೂನಿನಲ್ಲಿ ಜಾಗವಿಲ್ಲ.

ಸಾಕ್ಷಿಯಿಲ್ಲದ ಕೈಬರಹಕ್ಕೆ 1925ರ ಕಾಯ್ದೆಯಲ್ಲೇ ಒಂದು ವಿನಾಯಿತಿ ಇದೆ. ಯುದ್ಧದಲ್ಲಿ ತೊಡಗಿರುವ ಸೈನಿಕ, ವಾಯುಪಡೆಯವರು, ಸಮುದ್ರದ ಮೇಲಿರುವ ನಾವಿಕ ಸ್ವಂತ ಕೈಯಿಂದ ಬರೆದರೆ 65 ಮತ್ತು 66ನೇ ಕಲಂಗಳಂತೆ ಸಾಕ್ಷಿಯೂ ಬೇಡ, ಸಹಿಯೂ ಬೇಡ. ಇಬ್ಬರ ಎದುರು ಬಾಯಲ್ಲಿ ಹೇಳಿದರೂ ಸಾಕು. ಗುಂಡಿನ ನಡುವೆ ಸಾಕ್ಷಿದಾರರನ್ನು ಹುಡುಕಿ ತರಲು ಆಗದು ಎಂಬ ವಿವೇಕ ಅದರ ಹಿಂದಿದೆ. ಆದರೆ ಹಿಂದೂ, ಸಿಖ್, ಬೌದ್ಧ, ಜೈನರ ವಿಲ್‌ಗಳಿಗೆ ಕಾಯ್ದೆಯ ವಿಲ್ ಕುರಿತ ಭಾಗದ ಯಾವ ಯಾವ ಕಲಂ ಅನ್ವಯಿಸುತ್ತದೆ ಎಂದು ಪಟ್ಟಿ ಮಾಡಿದ ಮೂರನೇ ಅನುಸೂಚಿಯನ್ನು ತೆರೆದರೆ 59, 61, 62, 63, 64, ಆಮೇಲೆ ನೇರವಾಗಿ 68. ನಡುವಿನ 65, 66 ಅದರಲ್ಲಿ ಇಲ್ಲ. ಇದರಿಂದ ಗಡಿಯ ಬಂಕರಿನಲ್ಲಿ ಕುಳಿತು ಒಬ್ಬ ಕ್ರೈಸ್ತ ಸೈನಿಕ ಬರೆದ ಚೀಟಿ ವಿಲ್ ಆಗುತ್ತದೆ. ಪಕ್ಕದಲ್ಲೇ ಕುಳಿತ ಕೊಡಗಿನ ಹಿಂದೂ ಸೈನಿಕನೋ, ಪಂಜಾಬಿನ ಸಿಖ್ಖನೋ ಅದೇ ಮಾತು ಬರೆದರೆ ಅದಕ್ಕೆ ಆ ವಿನಾಯಿತಿ ಇಲ್ಲ. ಬ್ರಿಟಿಷರ ಕಾಲದಿಂದ ಉಳಿದುಬಂದ ಈ ಭೇದಕ್ಕೆ ಇಂದು ಯಾವ ಸಮರ್ಥನೆಯೂ ಇಲ್ಲ. ಕೈಬರಹದ ವಿಲ್ ಬಗ್ಗೆ ಉಳಿದ ಚರ್ಚೆ ಎಷ್ಟು ವರ್ಷ ನಡೆಯುತ್ತದೋ ನಡೆಯಲಿ. ಇದನ್ನು ಸರಿಪಡಿಸಲು ಸಂಸತ್ತು ಆ ಅನುಸೂಚಿಯಲ್ಲಿ ಎರಡು ಅಂಕಿಗಳನ್ನು ಸೇರಿಸಿದರೆ ಸಾಕು.